ಕಟ್ಟಿದವರ ಬಾಯಲ್ಲೇ ಹಾಡು

ಹಾಲಿವುಡ್‌ನ ಲಾ ಬ್ರಿಯಾ ರಸ್ತೆಯಲ್ಲಿ ಚಾರ್ಲಿ ಚಾಪ್ಲಿನ್ ತನ್ನ ಸಿನಿಮಾಗಳಿಗಾಗಿ ಕಟ್ಟಿಸಿಕೊಂಡ ಒಂದು ಸ್ಟುಡಿಯೋ ಇದೆ. 1966ರಲ್ಲಿ ಅದು ಎ ಅಂಡ್ ಎಂ ಎಂಬ ರೆಕಾರ್ಡ್ ಕಂಪನಿಯ ಕೈಸೇರಿತು. 1971ರ ಜನವರಿಯಲ್ಲಿ ಅಲ್ಲಿನ ‘ಬಿ’ ಕೋಣೆಯಲ್ಲಿ ಕ್ಯಾರೊಲ್ ಕಿಂಗ್ ‘ಟ್ಯಾಪೆಸ್ಟ್ರಿ’ ಆಲ್ಬಂ ಹಾಡುತ್ತಿದ್ದರು. ಅದೇ ಚಳಿಗಾಲದಲ್ಲಿ ‘ಸಿ’ ಕೋಣೆಯಲ್ಲಿ ಜೋನಿ ಮಿಚೆಲ್ ‘ಬ್ಲೂ’ ಆಲ್ಬಮ್ಮಿನ ಹಾಡುಗಳನ್ನು ಮುದ್ರಿಸುತ್ತಿದ್ದರು. ‘ಸಿ’ ಕೋಣೆಯಲ್ಲಿದ್ದ ಪಿಯಾನೊ ಇಬ್ಬರಿಗೂ ಇಷ್ಟ. ಒಬ್ಬರ ಕೆಲಸ ಮುಗಿಯುವುದನ್ನು ಇನ್ನೊಬ್ಬರು ಕಾಯಬೇಕು. ಅದೇ ಊರಿನ ಮತ್ತೊಂದು ಸ್ಟುಡಿಯೋದಲ್ಲಿ ಜೇಮ್ಸ್ ಟೇಲರ್ ತನ್ನ ಆಲ್ಬಂ ಮಾಡಿಕೊಳ್ಳುತ್ತಿದ್ದ. ಟೇಲರ್‌ನ ಗಿಟಾರ್ ಜೋನಿಯ ಹಾಡಿಗೆ ಬಂತು, ಕಿಂಗ್‌ರ ಪಿಯಾನೊ ಟೇಲರ್‌ನ ಹಾಡಿಗೆ ಹೋಯಿತು, ಜೋನಿ ಮತ್ತು ಟೇಲರ್ ಇಬ್ಬರೂ ಕಿಂಗ್‌ರ ಹಿಂದೆ ನಿಂತು ದನಿಗೂಡಿಸಿದರು. ಮೂರು ಆಲ್ಬಮ್ಮುಗಳೂ ಆರು ತಿಂಗಳೊಳಗೆ ಹೊರಬಂದವು.

ಡಿಸೆಂಬರ್ ಬಂತೆಂದರೆ ಹಾಡಿನ ಹುಚ್ಚಿರುವವರೆಲ್ಲ ಆ ವರ್ಷದ ತಮ್ಮ ಮೆಚ್ಚಿನ ಆಲ್ಬಮ್ಮುಗಳ ಪಟ್ಟಿ ಹಿಡಿದು ಕೂರುತ್ತಾರೆ. ನಾನೂ ಕೂರುತ್ತೇನೆ. ಆದರೆ ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವವರ ಮಾತು ಬಂತೆಂದರೆ ನನ್ನ ಮನಸ್ಸು ಈಚಿನ ವರ್ಷಗಳನ್ನು ಬಿಟ್ಟು 1971ಕ್ಕೆ ಹೋಗಿಬಿಡುತ್ತದೆ. ಲೆನರ್ಡ್ ಕೋಹನ್, ಬಿಲ್ ವಿದರ್ಸ್, ಜಾನ್ ಪ್ರೈನ್, ನಿಕ್ ಡ್ರೇಕ್, ಗಿಲ್ ಸ್ಕಾಟ್-ಹೆರನ್, ಕ್ಯಾಟ್ ಸ್ಟೀವನ್ಸ್, ಎಲ್ಲರೂ ಆ ಒಂದೇ ವರ್ಷದಲ್ಲಿ ಸಿಗುತ್ತಾರೆ. ಈ ಬಗೆಯ ಹಾಡಿಗೆ ಹಿರಿಯಣ್ಣನಾದ ಬಾಬ್ ಡೈಲನ್ ಆ ವರ್ಷ ಹೊಸ ಹಾಡುಗಳ ಆಲ್ಬಂ ತರಲೇ ಇಲ್ಲ. ಅವನಿಲ್ಲದೆಯೂ ಇಷ್ಟು.

ಇದು ನನಗೆ ಇಷ್ಟು ಸೋಜಿಗವಾಗಿ ಕಾಣುವುದಕ್ಕೆ ನಾವು ಬೆಳೆದ ಹಾಡಿನ ಲೋಕವೂ ಒಂದು ಕಾರಣ. ನಮ್ಮ ಕಿವಿ ಪಳಗಿದ್ದು ಹಂಚಿಕೊಂಡ ಹಾಡಿನಲ್ಲಿ. ಚಿ. ಉದಯಶಂಕರ್ ಬರೆದದ್ದಕ್ಕೆ ರಾಜನ್-ನಾಗೇಂದ್ರ ರಾಗ ಹಾಕುತ್ತಾರೆ, ಪಿ.ಬಿ. ಶ್ರೀನಿವಾಸ್ ಹಾಡುತ್ತಾರೆ, ತೆರೆಯ ಮೇಲೆ ರಾಜ್‌ಕುಮಾರ್ ಅದಕ್ಕೆ ಮುಖ ಕೊಡುತ್ತಾರೆ. ಭಾವಗೀತೆಯಲ್ಲೂ ಹಾಗೆಯೇ: ಬೇಂದ್ರೆಯವರದೋ ನರಸಿಂಹಸ್ವಾಮಿಯವರದೋ ಕವಿತೆ, ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವಥ್ ಅವರದೋ ರಾಗ. ಈ ಕೂಡುಬಾಳುವೆಯಿಂದ ಹುಟ್ಟಿದ ಹಾಡುಗಳು ನಮ್ಮ ಜೀವದಲ್ಲಿ ಬೆರೆತಿವೆ. ಹಾಗೆಂದು ತಾನೇ ಕಟ್ಟಿ ಹಾಡುವವರು ನಮಗೆ ಹೊಸಬರಲ್ಲ. ಪುರಂದರದಾಸರು, ಕನಕದಾಸರು, ಶಿಶುನಾಳ ಶರೀಫರು ಇನ್ನೇನು ಮಾಡಿದರು? ಆದರೆ ಅವರ ಮಾತು ನಮಗೆ ಉಳಿಯಿತು, ದನಿ ಉಳಿಯಲಿಲ್ಲ. ಅವರು ಯಾವ ಧಾಟಿಯಲ್ಲಿ ಹಾಡಿದರೆಂಬುದೂ ಬಹುಪಾಲು ಕಳೆದುಹೋಗಿದೆ. ದಾಸರ ಒಂದೇ ಪದವನ್ನು ಭೀಮಸೇನ ಜೋಶಿಯವರು ಒಂದು ಬಗೆಯಲ್ಲಿ ಹಾಡಿದರೆ ಕಛೇರಿಯ ವಿದ್ವಾಂಸರು ಮತ್ತೊಂದು ಬಗೆಯಲ್ಲಿ ಹಾಡುತ್ತಾರೆ. ದಾಸರು ಯಾವ ಮಾತಿನ ಮೇಲೆ ನಿಂತರು, ಯಾವುದನ್ನು ನುಂಗಿಕೊಂಡರು, ಎಲ್ಲಿ ಉಸಿರು ಎಳೆದರು ಎಂಬುದು ನಮಗೆ ಇನ್ನೆಂದೂ ಸಿಗುವುದಿಲ್ಲ. 1971ರ ಈ ಆಲ್ಬಮ್ಮುಗಳನ್ನು ಕೇಳುವಾಗ ನನಗೆ ಸಿಗುವುದು ಅದೇ. ಹಾಡು ಹುಟ್ಟಿದ ಬಾಯಿಯಿಂದಲೇ ಬರುತ್ತಿದೆ, ಉಸಿರಿನ ಸಮೇತ.

ಕ್ಯಾರೊಲ್ ಕಿಂಗ್ ಅವರ ಕಥೆಯಲ್ಲಿ ಇದು ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟವಾಗಿದೆ. ಅವರು ಮೊದಲು ಹೆಸರಾದದ್ದು ಹಾಡುಗಾರ್ತಿಯಾಗಿ ಅಲ್ಲ. ಬ್ರೂಕ್ಲಿನ್‌ನ ಹುಡುಗಿ, ಗಂಡ ಜೆರ್ರಿ ಗಾಫಿನ್ ಮಾತು ಬರೆಯುತ್ತಿದ್ದ, ಇವರು ರಾಗ ಕಟ್ಟುತ್ತಿದ್ದರು, ಹಾಡಲು ಬೇರೆಯವರಿದ್ದರು. ನ್ಯೂಯಾರ್ಕ್‌ನಲ್ಲಿ ಆಗ ಹಾಡು ತಯಾರಾಗುತ್ತಿದ್ದುದೇ ಹಾಗೆ, ನಮ್ಮ ಚಿತ್ರಗೀತೆಗಳ ಹಾಗೆಯೇ ಕೆಲಸ ಹಂಚಿಕೊಂಡು. 1960ರಲ್ಲಿ, ಕಿಂಗ್‌ಗೆ ಇನ್ನೂ ಹದಿನೆಂಟರ ಹರೆಯವಿದ್ದಾಗ, ಈ ದಂಪತಿ ಕಟ್ಟಿದ ‘ವಿಲ್ ಯು ಲವ್ ಮಿ ಟುಮಾರೊ’ ಎಂಬ ಹಾಡನ್ನು ಷಿರೆಲ್ಸ್ ಎಂಬ ಕಪ್ಪು ಹುಡುಗಿಯರ ತಂಡ ಹಾಡಿತು. 1961ರ ಆರಂಭದಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡಾಯಿತು. ಈ ರಾತ್ರಿಯ ಪ್ರೀತಿ ನಾಳೆಗೂ ಇರುತ್ತದೆಯೇ ಎಂದು ಹುಡುಗಿಯೊಬ್ಬಳು ಕೇಳುವ ಹಾಡು ಅದು. ಷಿರೆಲ್ಸ್ ಹಾಡಿದ್ದರಲ್ಲಿ ತಾಳಕ್ಕೆ ಲವಲವಿಕೆಯಿದೆ, ಪಿಟೀಲುಗಳ ಓಟವಿದೆ. ಪ್ರಶ್ನೆ ಆತಂಕದ್ದೇ ಆದರೂ ಉತ್ತರ ಒಳ್ಳೆಯದೇ ಇರಬಹುದು ಎಂಬ ಹರೆಯದ ನಂಬಿಕೆ ಅದರಲ್ಲಿ ಕೇಳಿಸುತ್ತದೆ.

ಹತ್ತು ವರ್ಷಗಳ ಬಳಿಕ ಕಿಂಗ್ ಅದನ್ನೇ ‘ಟ್ಯಾಪೆಸ್ಟ್ರಿ’ಯಲ್ಲಿ ತಾವೇ ಹಾಡಿದರು. ಅಷ್ಟರಲ್ಲಿ ಮದುವೆ ಮುರಿದಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅವರು ಲಾಸ್ ಏಂಜಲಿಸ್‌ಗೆ ಬಂದಿದ್ದರು. ಹಾಡಿನ ಒಂದು ಮಾತೂ ಬದಲಾಗಿಲ್ಲ. ಲಯ ಮಾತ್ರ ನಿಧಾನವಾಗಿದೆ, ಎಷ್ಟು ನಿಧಾನವೆಂದರೆ ಪ್ರತಿ ಪ್ರಶ್ನೆಯ ನಂತರ ಉತ್ತರಕ್ಕೆ ಕಾಯುವಷ್ಟು ಜಾಗವಿದೆ. ನಾಳೆ ಏನಾಯಿತೆಂಬುದು ಹಾಡುವ ಹೆಣ್ಣಿಗೆ ಈಗ ಗೊತ್ತು. ಆ ಮಾತುಗಳನ್ನು ಬರೆದವನೇ ಈಗ ಬೇರೆಯಾದ ಗಂಡ. ಆದರೂ ದನಿಯಲ್ಲಿ ದೂರಿಲ್ಲ. ಹಾಡುಗಾರ್ತಿಯೆಂದು ತಮ್ಮನ್ನು ಎಂದೂ ಎಣಿಸದಿದ್ದ ಒಬ್ಬಾಕೆಯ ಸಾದಾ, ತುಸು ಒಡೆದ ಕಂಠ ಅದು. ಹಿಂದೆ ಜೋನಿ ಮತ್ತು ಟೇಲರ್ ದನಿಗೂಡಿಸುತ್ತಿದ್ದಾರೆ. ಆಗ ಅವರಿಬ್ಬರೂ ಪ್ರೇಮಿಗಳು, ಅವರ ನಾಳೆಯೂ ಬಹಳ ದಿನ ಉಳಿಯಲಿಲ್ಲ. ಇದನ್ನೆಲ್ಲ ತಿಳಿಯದೆ ಕೇಳಿದಾಗಲೂ ಆ ಹಾಡು ನನ್ನನ್ನು ಹಿಡಿದು ನಿಲ್ಲಿಸಿತ್ತು. ಗೊತ್ತಾದ ಮೇಲೆ ಅದು ಇನ್ನಷ್ಟು ಆಳವಾಯಿತು, ಅಷ್ಟೇ. ‘ಟ್ಯಾಪೆಸ್ಟ್ರಿ’ ಹದಿನೈದು ವಾರ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು, ಮರುವರ್ಷ ವರ್ಷದ ಆಲ್ಬಮ್ಮಿನ ಗ್ರ್ಯಾಮಿಯನ್ನೂ ಗೆದ್ದಿತು. ಅದರ ಜನಪ್ರಿಯತೆಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಜೋನಿಯ ‘ಬ್ಲೂ’ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಸಾಲದು. ಕೆನಡಾದ ಬಯಲುಸೀಮೆಯಲ್ಲಿ ಬೆಳೆದ ಆಕೆಗೆ ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊ ಬಂತು. ಬದುಕಿಕೊಂಡರೂ ಎಡಗೈಯ ಬಲ ಕುಂದಿತು. ಗಿಟಾರ್‌ನಲ್ಲಿ ಸ್ವರಗಳನ್ನು ಒತ್ತಿ ಹಿಡಿಯುವುದು ಎಡಗೈಯೇ. ಎಲ್ಲರೂ ಹಿಡಿಯುವ ಕಷ್ಟದ ಪಟ್ಟುಗಳು ಆ ಬೆರಳುಗಳಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಆಕೆ ತಂತಿಗಳ ಶ್ರುತಿಯನ್ನೇ ಬದಲಿಸಿದರು. ತಂಬೂರಿಯಲ್ಲಿ ಯಾವ ಬೆರಳೂ ಒತ್ತದೆ ಬರಿದೇ ಮೀಟಿದರೂ ಸ್ವರಸಂಗ ಕೇಳುವುದಿಲ್ಲವೇ, ಗಿಟಾರ್‌ನ ತಂತಿಗಳನ್ನು ಹಾಗೆ ಬೇಕಾದ ಸ್ವರಗಳಿಗೆ ಬಿಗಿದುಕೊಂಡರೆ ಎಡಗೈಗೆ ಕೆಲಸ ಕಡಿಮೆ. ಒಂದೊಂದು ಹಾಡಿಗೂ ಒಂದೊಂದು ಶ್ರುತಿಯೆಂಬಂತೆ ಐವತ್ತಕ್ಕೂ ಹೆಚ್ಚು ಬಗೆಗಳನ್ನು ಆಕೆ ಕಂಡುಕೊಂಡರು. ಅದರಿಂದ ಹುಟ್ಟಿದ ಸ್ವರಗಳ ಬೆಸುಗೆ ಬೇರೆ ಯಾರ ಹಾಡಿನಲ್ಲೂ ಇರಲಿಲ್ಲ. ಬೇರೆಯವರು ಆ ಹಾಡುಗಳನ್ನು ನುಡಿಸಲು ಹೊರಟಾಗ ಆಕೆಯ ಬೆರಳು ಎಲ್ಲಿತ್ತೆಂದು ತಿಳಿಯದೆ ತಡಕಾಡಬೇಕಾಯಿತು. 1970ರಲ್ಲಿ ಯುರೋಪ್ ಸುತ್ತಲು ಹೊರಟಾಗ ಗಿಟಾರ್ ಬದಲು ಜೊತೆಗೊಯ್ದದ್ದು ಡಲ್ಸಿಮರ್ ಎಂಬ, ತೊಡೆಯ ಮೇಲೆ ಇಟ್ಟುಕೊಂಡು ನುಡಿಸುವ ಪುಟ್ಟ ವಾದ್ಯವನ್ನು. ಕ್ರೀಟ್ ದ್ವೀಪದ ಮಟಾಲದಲ್ಲಿ, ಹಿಪ್ಪಿಗಳು ಬೀಡುಬಿಟ್ಟಿದ್ದ ಗುಹೆಗಳ ಊರಿನಲ್ಲಿ ಕೆಲಕಾಲ ಇದ್ದರು. ಆ ವಾದ್ಯದ ಗುಂಯ್‌ಗುಡುವ ತೆಳು ದನಿ ‘ಬ್ಲೂ’ ಉದ್ದಕ್ಕೂ ಅಲ್ಲಲ್ಲಿ ಕೇಳುತ್ತದೆ.

ಆ ಆಲ್ಬಮ್ಮಿನಲ್ಲಿ ‘ಲಿಟಲ್ ಗ್ರೀನ್’ ಎಂಬ ಹಾಡಿದೆ. ಗಿಟಾರ್ ಮತ್ತು ದನಿ, ಬೇರೇನೂ ಇಲ್ಲ. ಒಂದು ಹೆಣ್ಣುಮಗುವಿಗೆ ಹೆಸರಿಡುವುದು, ಓಡಿಹೋದ ತಂದೆ, ಸಹಿ ಹಾಕುವ ಕಾಗದಪತ್ರ, ಋತುಗಳು, ಹುಟ್ಟುಹಬ್ಬಗಳು ಅದರಲ್ಲಿ ಬರುತ್ತವೆ. ಆಲ್ಬಂ ಬಂದ ವರ್ಷ ಒಬ್ಬ ವಿಮರ್ಶಕ ಈ ಹಾಡು ಏನು ಹೇಳುತ್ತಿದೆಯೆಂದೇ ಅರ್ಥವಾಗುವುದಿಲ್ಲ ಎಂದು ಬರೆದ. 1965ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮದುವೆಯಿಲ್ಲದೆ, ಕೈಯಲ್ಲಿ ಕಾಸಿಲ್ಲದೆ ಹೆತ್ತ ಮಗಳನ್ನು ಜೋನಿ ದತ್ತು ಕೊಟ್ಟಿದ್ದರು. ಆ ಸಂಗತಿ ಜಗತ್ತಿಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ. 1997ರಲ್ಲಿ ತಾಯಿ ಮಗಳು ಭೇಟಿಯಾದರು. ಅಷ್ಟೂ ವರ್ಷ ಆ ಗುಟ್ಟು ಲಕ್ಷಾಂತರ ಮನೆಗಳಲ್ಲಿ ತಟ್ಟೆಯ ಮೇಲೆ ತಿರುಗುತ್ತಿತ್ತು. ಮುಚ್ಚಿಡದೆ ಹೇಳಿದ ಮಾತು ಯಾರಿಗೂ ಕೇಳಿಸಲಿಲ್ಲ. ಕೇಳಿಸಲಿಲ್ಲ ಎನ್ನುವುದೂ ಸರಿಯಲ್ಲ. ವಿಷಯ ತಿಳಿಯದಿದ್ದರೂ ಆ ಹಾಡಿನಲ್ಲಿ ಏನೋ ಒಂದು ದೊಡ್ಡದು ಇಳಿದಿದೆಯೆಂದು ಕೇಳಿದವರಿಗೆಲ್ಲ ಅನ್ನಿಸಿಯೇ ಇತ್ತು. ಮಾತಿನಲ್ಲಿ ಬಯಲಾಗದ್ದು ದನಿಯಲ್ಲಿ ದಾಟಿ ಬರುವುದು ಹೇಗೆ?

ಅನುಭವಿಸಿದವರು ಹಾಡಿದ್ದರಿಂದ ಬಂತು ಎಂದುಬಿಡುವುದು ಸುಲಭ. ನಾನೂ ಬಹಳ ಕಾಲ ಅದೇ ಉತ್ತರದಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅದೇ 1971ರ ಬಿಲ್ ವಿದರ್ಸ್ ಆ ನೆಮ್ಮದಿ ಕೊಡುವುದಿಲ್ಲ.

ವಿದರ್ಸ್ ಪಶ್ಚಿಮ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲಿನ ಊರಿನವನು. ಬಾಲ್ಯದಿಂದ ಉಗ್ಗು. ಒಂಬತ್ತು ವರ್ಷ ನೌಕಾಪಡೆಯಲ್ಲಿದ್ದ. ಆಮೇಲೆ ಲಾಸ್ ಏಂಜಲಿಸ್ ಬಳಿ ವಿಮಾನಗಳ ಬಿಡಿಭಾಗ ಮಾಡುವ ಕಾರ್ಖಾನೆ ಸೇರಿ, ಜಂಬೋ ವಿಮಾನದ ಶೌಚಾಲಯಗಳಿಗೆ ಬೇಕಾದ ಸಾಮಾನು ತಯಾರಿಸುತ್ತಿದ್ದ. ಮೊದಲ ಆಲ್ಬಂ ‘ಜಸ್ಟ್ ಆ್ಯಸ್ ಐ ಆ್ಯಮ್’ ಬಂದಾಗ ವಯಸ್ಸು ಮೂವತ್ತೆರಡು. ರಕ್ಷಾಪುಟದ ಫೋಟೋ ತೆಗೆದದ್ದು ಕಾರ್ಖಾನೆಯಲ್ಲೇ, ಊಟದ ವಿರಾಮದಲ್ಲಿ. ಕೈಯಲ್ಲಿ ಊಟದ ಡಬ್ಬಿಯಿದೆ. ಹಾಡಿನ ದಂಧೆಯನ್ನು ನೆಚ್ಚಿಕೊಳ್ಳಲಾಗದೆಂದು ಆತ ಕೆಲಸ ಬಿಟ್ಟಿರಲಿಲ್ಲ. ಅದರಲ್ಲಿನ ‘ಏಂಟ್ ನೊ ಸನ್‌ಶೈನ್’ ಕೇಳಿದರೆ ಹೆಂಡತಿ ಬಿಟ್ಟುಹೋದ ಮನೆಯೊಳಗೆ ನಾವೇ ಕೂತಂತಾಗುತ್ತದೆ. ಆದರೆ ಆ ಹಾಡು ಹುಟ್ಟಿದ್ದು ಆತ ನೋಡಿದ ‘ಡೇಸ್ ಆಫ್ ವೈನ್ ಅಂಡ್ ರೋಸಸ್’ ಎಂಬ ಸಿನಿಮಾದಿಂದ. ಕುಡಿತಕ್ಕೆ ಬಿದ್ದ ಗಂಡ ಹೆಂಡಿರ ಕಥೆ ಅದು. ಪರರ ನೋವು, ಅದೂ ಬಣ್ಣ ಹಚ್ಚಿದವರ ನೋವು.

ಹಾಡಿನ ನಡುವೆ ಒಂದು ಚರಣ ಬರೆಯುವುದು ಬಾಕಿಯಿತ್ತು. ಆ ಖಾಲಿ ಜಾಗದಲ್ಲಿ ವಿದರ್ಸ್ ಸದ್ಯಕ್ಕೆಂದು ಎರಡು ಪದಗಳನ್ನು ಮತ್ತೆ ಮತ್ತೆ ಹೇಳಿಕೊಂಡು ಹೋದ, ಆಮೇಲೆ ಬರೆದರಾಯಿತೆಂದು. ಆಲ್ಬಂ ಮಾಡಿಸುತ್ತಿದ್ದ ಬುಕರ್ ಟಿ. ಜೋನ್ಸ್ ಮತ್ತು ಅಲ್ಲಿದ್ದ ವಾದಕರು ಬೇಡ, ಹಾಗೇ ಇರಲಿ ಎಂದರು. ಹಾಗೆಯೇ ಉಳಿಯಿತು: ನನಗೆ ಗೊತ್ತು ಎಂಬ ಅರ್ಥದ ಆ ಎರಡು ಪದಗಳು ಇಪ್ಪತ್ತಾರು ಸಲ. ನಾನು ಈ ಭಾಗವನ್ನು ಕಣ್ಣು ಮುಚ್ಚಿ ಕೇಳುತ್ತೇನೆ. ಮೊದಲ ಐದಾರು ಸಲ ಅದು ಮಾತು. ಆಮೇಲೆ ಅರ್ಥ ಸವೆದು ತಾಳವಷ್ಟೇ ಆಗುತ್ತದೆ, ಗಿಟಾರ್ ನಿಂತು ಡ್ರಮ್ಮಿನ ಜೊತೆ ಗಂಟಲೊಂದೇ ಓಡುತ್ತದೆ. ಹದಿನೈದು ದಾಟುವಾಗ ಉಸಿರು ಸಾಲದೇನೋ ಎನಿಸುತ್ತದೆ. ಕೊನೆಗೆ ಬರುವಷ್ಟರಲ್ಲಿ ಅರ್ಥ ಮರಳಿ ಬಂದಿರುತ್ತದೆ; ಅವಳನ್ನು ಬಿಟ್ಟುಬಿಡಬೇಕೆಂದು ತಿಳಿದಿದ್ದರೂ ಬಿಡಲಾಗದ ಒಬ್ಬ ಮನುಷ್ಯನ ಹಟವಾಗಿ ಬರುತ್ತದೆ. ಚೆನ್ನಾಗಿ ಬರೆದ ಯಾವ ಚರಣವೂ ಇದನ್ನು ಮಾಡಲಾರದಿತ್ತೆಂದು ನಾನು ನಂಬುತ್ತೇನೆ. ಬರೆದವನೇ ಹಾಡುತ್ತಿದ್ದನೆಂಬ ಕಾರಣಕ್ಕೆ ಮಾತ್ರ ಇದು ಸಾಧ್ಯವಾಯಿತು. ಬೇರೊಬ್ಬ ಗಾಯಕನಾಗಿದ್ದರೆ ಕೈಯಲ್ಲಿ ಪೂರ್ತಿ ಬರೆದ ಕಾಗದವಿರುತ್ತಿತ್ತು. ಇಲ್ಲಿ ಹಾಡು ಇನ್ನೂ ಕಟ್ಟುತ್ತಿರುವಾಗಲೇ ನಮ್ಮ ಕಿವಿಗೆ ಬಿದ್ದಿದೆ.

ಜಾನ್ ಪ್ರೈನ್ ವಿಷಯದಲ್ಲಿ ಬೆರಗು ಇನ್ನೊಂದು ಕಡೆಯಿಂದ ಬರುತ್ತದೆ. ಷಿಕಾಗೊ ಪಕ್ಕದ ಮೇವುಡ್‌ನಲ್ಲಿ ಆತ ಅಂಚೆಯಣ್ಣ. ಕಾಗದ ಹಂಚಲು ಬೀದಿ ಬೀದಿ ನಡೆಯುವಾಗ ಹಾಡು ಕಟ್ಟುತ್ತಿದ್ದ. ಆತನ ಬಗ್ಗೆ ಮೊದಲು ಬರೆದವರಲ್ಲಿ ಒಬ್ಬರು ಸಿನಿಮಾ ವಿಮರ್ಶಕ ರೋಜರ್ ಈಬರ್ಟ್, 1970ರಲ್ಲಿ. ಮರುವರ್ಷ ತನ್ನ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಬಂದಾಗ ಪ್ರೈನ್‌ಗೆ ಇಪ್ಪತ್ತೈದರ ಆಸುಪಾಸು. ಅದರಲ್ಲಿ ‘ಹಲೋ ಇನ್ ದೇರ್’ ಎಂಬ ಹಾಡಿದೆ: ಮಕ್ಕಳು ದೂರವಾಗಿ, ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಸತ್ತು, ಮಾತೂ ಮುಗಿದುಹೋದ ಮುದಿ ದಂಪತಿಯ ಹಾಡು. ‘ಏಂಜಲ್ ಫ್ರಮ್ ಮಾಂಟ್‌ಗಮರಿ’ಯಲ್ಲಿ ಈ ಹುಡುಗ ತಾನು ಮುದುಕಿಯೆಂದೇ ಹೇಳಿಕೊಂಡು ಹಾಡು ಶುರುಮಾಡುತ್ತಾನೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಾವು ನಂಬಿರುತ್ತೇವೆ. ಹುಡುಗನಾಗಿದ್ದಾಗ ವೃದ್ಧಾಶ್ರಮವೊಂದಕ್ಕೆ ಪತ್ರಿಕೆ ಹಾಕಲು ಹೋಗುತ್ತಿದ್ದನಂತೆ, ಅಲ್ಲಿನವರು ಇವನನ್ನು ತಮ್ಮ ಮೊಮ್ಮಗನೆಂಬಂತೆ ಮಾತಾಡಿಸುತ್ತಿದ್ದರಂತೆ. ಕಂಡದ್ದಷ್ಟೇ, ಬಾಳಿದ್ದಲ್ಲ.

ಆದರೆ ಆಮೇಲೆ ಬಾಳಿದ. 1998ರಲ್ಲಿ ಕತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ತಗ್ಗಿ, ಗೊಗ್ಗರಾಯಿತು. ಆ ದನಿಯಲ್ಲೇ ಮತ್ತೆ ಇಪ್ಪತ್ತು ವರ್ಷ ವೇದಿಕೆ ಹತ್ತಿದ, ‘ಹಲೋ ಇನ್ ದೇರ್’ ಹಾಡಿದ. 1971ರದ್ದನ್ನೂ ಕೊನೆಯ ವರ್ಷಗಳದ್ದನ್ನೂ ಒಟ್ಟಿಗೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹುಡುಗ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದ ಮನೆಯ ಒಳಗಿನಿಂದ ಈಗ ಅದೇ ದನಿ ಬರುತ್ತಿದೆ. ಕ್ಯಾರೊಲ್ ಕಿಂಗ್ ಹತ್ತು ವರ್ಷದಲ್ಲಿ ತನ್ನ ಹಾಡಿನ ವಯಸ್ಸಿಗೆ ಬಂದರು. ಪ್ರೈನ್‌ಗೆ ಅರ್ಧ ಶತಮಾನ ಹಿಡಿಯಿತು. 2020ರ ಮಾರ್ಚ್ 30ರಂದು ವಿದರ್ಸ್, ಏಪ್ರಿಲ್ 7ರಂದು ಕೋವಿಡ್‌ನಿಂದ ಪ್ರೈನ್, ಒಂದೇ ವರ್ಷ ಮೊದಲ ಆಲ್ಬಂ ತಂದ ಇಬ್ಬರೂ ಎಂಟು ದಿನಗಳ ಅಂತರದಲ್ಲಿ ಹೋದರು. ಜಗತ್ತೆಲ್ಲ ಬಾಗಿಲು ಹಾಕಿಕೊಂಡಿದ್ದ ಆ ದಿನಗಳಲ್ಲಿ, ಒಂಟಿ ಮುದುಕರನ್ನು ಕಂಡರೆ ಮಾತಾಡಿಸಿ ಎನ್ನುವ ಹಾಡನ್ನು ಬಿಟ್ಟುಹೋದವನಿಗಾಗಿ ನಾನು ಅತ್ತಿದ್ದೇನೆ.

ಕೋಹನ್‌ರ ‘ಸಾಂಗ್ಸ್ ಆಫ್ ಲವ್ ಅಂಡ್ ಹೇಟ್’ ಬಗ್ಗೆ ಒಂದೇ ಮಾತು. ಕವಿ, ಕಾದಂಬರಿಕಾರ ಎಂದು ಹೆಸರು ಮಾಡಿ ಆಮೇಲೆ ಹಾಡಿಗೆ ಬಂದವರು. ‘ಫೇಮಸ್ ಬ್ಲೂ ರೇನ್‌ಕೋಟ್’ ಹಾಡು ಒಂದು ಕಾಗದದ ರೂಪದಲ್ಲಿದೆ, ಕೊನೆಯಲ್ಲಿ ಬರೆದವನ ಸಹಿಯೂ ಇದೆ, ಅದು ಕೋಹನ್‌ರದೇ ಹೆಸರು. ನಮ್ಮ ಅಂಕಿತಗಳನ್ನು ಕೇಳುತ್ತ ಬೆಳೆದವನಿಗೆ ಅಲ್ಲಿ ಒಂದು ಕ್ಷಣ ಮನೆಗೆ ಬಂದಂತಾಗುತ್ತದೆ.

ನಿಕ್ ಡ್ರೇಕ್ ಎಲ್ಲ ಪಟ್ಟಿಗಳನ್ನೂ ಕೆಡಿಸುತ್ತಾನೆ. 1971ರ ಮಾರ್ಚ್‌ನಲ್ಲಿ ಬಂದ ಅವನ ‘ಬ್ರೈಟರ್ ಲೇಟರ್’ ತಂತಿವಾದ್ಯ, ಸ್ಯಾಕ್ಸೊಫೋನುಗಳಿಂದ ತುಂಬಿದ ಸೊಗಸಾದ ಆಲ್ಬಂ. ಕೊಂಡವರು ಕೆಲವೇ ಸಾವಿರ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಎರಡು ರಾತ್ರಿ, ಲಂಡನ್ನಿನ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ ಜಾನ್ ವುಡ್ ಎಂಬ ಎಂಜಿನಿಯರ್ ಒಬ್ಬನನ್ನೇ ಎದುರಿಗಿಟ್ಟುಕೊಂಡು ಅವನು ‘ಪಿಂಕ್ ಮೂನ್’ ಹಾಡಿ ಮುಗಿಸಿದ. ಗಿಟಾರ್, ದನಿ, ಒಂದೇ ಒಂದು ಕಡೆ ಪಿಯಾನೊದ ಕೆಲವು ಸ್ವರ. ಇಪ್ಪತ್ತೆಂಟು ನಿಮಿಷ. ಅದು ಮಾರುಕಟ್ಟೆಗೆ ಬಂದದ್ದು 1972ರ ಫೆಬ್ರುವರಿಯಲ್ಲಿ, ಆದರೂ ನಾನು ಅದನ್ನು 1971ಕ್ಕೇ ಸೇರಿಸುತ್ತೇನೆ. ಬಾಯಿಂದ ಬಂದ ದಿನವೇ ಹಾಡಿನ ದಿನ. ನಿಕ್ ಹುಟ್ಟಿದ್ದು ರಂಗೂನಿನಲ್ಲಿ. ಅಮ್ಮ ಮಾಲಿಯೂ ಹಾಡು ಕಟ್ಟುತ್ತಿದ್ದವರು. ಯುದ್ಧಕಾಲದಲ್ಲಿ ಬರ್ಮಾದಿಂದ ತಪ್ಪಿಸಿಕೊಂಡು ಬಂದು ದೆಹಲಿಯಲ್ಲಿದ್ದಾಗ ಮಾಲಿಯೂ ಅವರ ಸೋದರಿಯೂ ಆಕಾಶವಾಣಿಯಲ್ಲಿ ಹಾಡಿದ್ದರು. ಮುಂದೆ ಇಂಗ್ಲೆಂಡಿನ ಹಳ್ಳಿಯ ಮನೆಯಲ್ಲಿ ಪಿಯಾನೊ ಮುಂದೆ ಕೂತು ತನ್ನ ಪಾಡಿಗೆ ಹಾಡಿಕೊಂಡದ್ದನ್ನು ಗಂಡ ಟೇಪ್ ಮಾಡಿಟ್ಟ. ಆ ಹಾಡುಗಳಲ್ಲಿ ಮಗನ ಸ್ವರದ ತಿರುವುಗಳು ಆಗಲೇ ಇವೆ. ಕೇಳುವವರು ಇದ್ದಾರೋ ಇಲ್ಲವೋ ಎಂಬುದು ತಾಯಿಗೆ ಮುಖ್ಯವಾಗಿರಲಿಲ್ಲ. ಮಗನಿಗೆ ಮುಖ್ಯವಾಗಿತ್ತು, ಅದೇ ಅವನನ್ನು ಕೊರೆಯಿತು. 1974ರ ನವೆಂಬರ್‌ನಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ ತೀರಿಕೊಂಡ. ಪ್ರೈನ್‌ಗೆ ಸಿಕ್ಕ ಐವತ್ತು ವರ್ಷ ಇವನಿಗೆ ಸಿಗಲಿಲ್ಲ. ಅವನ ಹಾಡುಗಳು ಮುದಿ ದನಿಯಲ್ಲಿ ಹೇಗೆ ಕೇಳುತ್ತಿದ್ದವು ಎಂದು ನಾನು ಊಹಿಸಲು ಹೋಗಿ ಪ್ರತಿಸಲವೂ ಸೋತಿದ್ದೇನೆ.

ಜೋನಿಗೆ ಆ ವರ್ಷಗಳು ಸಿಕ್ಕವು. 2015ರಲ್ಲಿ ಮೆದುಳಿನ ರಕ್ತನಾಳ ಊದಿ ಒಡೆದು, ನಡೆಯುವುದನ್ನೂ ಮಾತಾಡುವುದನ್ನೂ ಮತ್ತೆ ಕಲಿಯಬೇಕಾಗಿ ಬಂತು. 2022ರ ಜುಲೈಯಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಯಾರಿಗೂ ಮೊದಲೇ ತಿಳಿಸದೆ ವೇದಿಕೆಗೆ ಬಂದು ಕುರ್ಚಿಯಲ್ಲಿ ಕೂತರು. ‘ಬ್ಲೂ’ನ ‘ಎ ಕೇಸ್ ಆಫ್ ಯು’ ಹಾಡಿದರು. 1971ರಲ್ಲಿ ತಾರಸ್ಥಾಯಿಗೆ ಹಕ್ಕಿಯಂತೆ ನೆಗೆಯುತ್ತಿದ್ದ ಕಂಠ ಮಂದ್ರಕ್ಕೆ ಇಳಿದಿತ್ತು. ಆಮೇಲೆ ಎದ್ದು ನಿಂತು ಗಿಟಾರ್ ಹಿಡಿದು, ಹಾಡದೆ, ತನ್ನದೊಂದು ಹಳೆಯ ಹಾಡನ್ನು ನುಡಿಸಿದರು. ಕಾಯಿಲೆ ಆ ವಿದ್ಯೆಯನ್ನೂ ಅಳಿಸಿಹಾಕಿತ್ತು. ಪೋಲಿಯೊದ ಕೈ ಹುಡುಕಿಕೊಂಡ ಆ ಶ್ರುತಿಗಳಲ್ಲಿ ಬೆರಳು ಎಲ್ಲಿಡಬೇಕೆಂದು ತಿಳಿಯಲು, ಹಿಂದೆ ತಾವು ನುಡಿಸಿದ ವಿಡಿಯೋಗಳನ್ನು ನೋಡಿ ನೋಡಿ ಕಲಿತೆನೆಂದು ಅವರು ಹೇಳಿದರು. ಎಲ್ಲರನ್ನೂ ತಡಕಾಡಿಸಿದ ಬೆರಳುಗಳನ್ನು ಈಗ ಬೆರಳುಗಳ ಒಡತಿಯೇ ಹಿಂಬಾಲಿಸಬೇಕಾಯಿತು.

ಹಾಗಾಗಿ 1971ರ ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ‘ಬ್ಲೂ’ಗೆ, ಅದರಲ್ಲಿ ಎರಡು ಮಾತಿಲ್ಲ. ಎರಡನೆಯದು ಪ್ರೈನ್‌ನದೋ ವಿದರ್ಸ್‌ನದೋ ಎಂಬುದು ಆಗಾಗ ಅದಲುಬದಲಾಗುತ್ತಿರುತ್ತದೆ. ಈಚೆಗೆ ವಿದರ್ಸ್ ಮುಂದಿದ್ದಾನೆ, ‘ಗ್ರ್ಯಾಂಡ್‌ಮಾಸ್ ಹ್ಯಾಂಡ್ಸ್’ ಎಂಬ ಎರಡು ನಿಮಿಷದ ಹಾಡಿನಿಂದಾಗಿ. ಅಜ್ಜಿಯ ಕೈಗಳ ಮೇಲೆ ಕಟ್ಟಿದ ಹಾಡು. ಇಗರ್ಜಿಯಲ್ಲಿ ಚಪ್ಪಾಳೆ ತಟ್ಟುವ, ಕೆಲವೊಮ್ಮೆ ನೋವಿನಿಂದ ಬಾತುಕೊಳ್ಳುವ, ಬಿದ್ದ ಮೊಮ್ಮಗನನ್ನು ಎತ್ತಿಕೊಳ್ಳುವ ಕೈಗಳು. ಊರಿನಲ್ಲಿ ಮದುವೆಯಾಗದೆ ತಾಯಿಯಾದ ಹುಡುಗಿಯೊಬ್ಬಳನ್ನೂ ಆ ಕೈ ಸಂತೈಸಿತೆಂದು ನಡುವೆ ಬರುತ್ತದೆ. ‘ಲಿಟಲ್ ಗ್ರೀನ್’ ಮುಗಿದ ಕೂಡಲೇ ನಾನು ಇದನ್ನು ಹಾಕುತ್ತೇನೆ. ಬರೆದ ಇಬ್ಬರಲ್ಲಿ ಯಾರಿಗೂ ಇನ್ನೊಬ್ಬರ ಹಾಡಿನ ಯೋಚನೆ ಇದ್ದಿರಲಾರದು, ಆಲ್ಬಮ್ಮುಗಳು ಬಂದದ್ದು ಮಾತ್ರ ಒಂದೇ ಬೇಸಿಗೆಯ ಆಸುಪಾಸಿನಲ್ಲಿ.